ತಕ್ಕೋಲದ ರಣಭೂಮಿ ಮತ್ತು ಆತಕೂರಿನ ಶಿಲಾಶಾಸನ: ಮಧ್ಯಕಾಲೀನ ಯುದ್ಧವೊಂದರ ಪುರಾತತ್ವ ಕುರುಹುಗಳು

ಪೀಠಿಕೆ

ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ದೇವಾಲಯದ ಆವರಣದಲ್ಲಿ ಅಥವಾ ಊರಬಾಗಿಲಿನ ಬಳಿ ನಿಂತಿರುವ ಕೆತ್ತನೆಯ ಕಲ್ಲುಗಳು ಕರ್ನಾಟಕದ ಅಸಂಖ್ಯ ಗ್ರಾಮಗಳಲ್ಲಿ ಕಂಡುಬರುತ್ತವೆ. ಇವುಗಳಲ್ಲಿ ಅನೇಕವು ವೀರಗಲ್ಲುಗಳು, ಅಂದರೆ ಕಾಳಗದಲ್ಲಿ ಮಡಿದವರ ನೆನಪಿಗಾಗಿ ಅವರ ಒಡೆಯರು, ಬಂಧುಗಳು ಅಥವಾ ಊರಿನವರು ನಿಲ್ಲಿಸಿದ ಸ್ಮಾರಕ ಶಿಲೆಗಳು. ಮನೆ ಕಟ್ಟುವಾಗ, ರಸ್ತೆ ಅಗಲಗೊಳಿಸುವಾಗ ಅಥವಾ ಜಮೀನನ್ನು ಸಮತಟ್ಟು ಮಾಡುವಾಗ ಇಂತಹ ಕಲ್ಲು ಎದುರಾದರೆ ಅದನ್ನು ಬದಿಗೆ ಸರಿಸಬಹುದೇ, ಯಾರಿಗೆ ತಿಳಿಸಬೇಕು, ತಿಳಿಸಿದರೆ ಜಮೀನಿನ ಹಕ್ಕಿಗೆ ತೊಂದರೆಯಾಗುವುದೇ ಎಂಬ ಪ್ರಶ್ನೆಗಳು ಸಾರ್ವಜನಿಕರಲ್ಲಿ ಸಹಜವಾಗಿಯೇ ಉದ್ಭವಿಸುತ್ತವೆ.

ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಆ ಉತ್ತರವನ್ನು ಈ ಲೇಖನದ ಕೊನೆಯ ಭಾಗದಲ್ಲಿ ನೀಡಲಾಗಿದೆ. ಆದರೆ ಕಲ್ಲನ್ನು ಇದ್ದಲ್ಲಿಯೇ ಉಳಿಸಬೇಕೆಂದು ಏಕೆ ಕೋರಲಾಗುತ್ತದೆ ಎಂಬುದು ಮನವರಿಕೆಯಾಗಬೇಕಾದರೆ, ಒಂದು ಕಲ್ಲು ಏನನ್ನು ಹೇಳಬಲ್ಲದು ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕ. ಅದಕ್ಕೆ ಉದಾಹರಣೆಯಾಗಿ, ದಕ್ಷಿಣ ಭಾರತದ ಇತಿಹಾಸದ ದಿಕ್ಕನ್ನು ಬದಲಿಸಿದ ತಕ್ಕೋಲದ ಯುದ್ಧವನ್ನೂ ಅದಕ್ಕೆ ಸಾಕ್ಷಿ ನುಡಿಯುವ ಮಂಡ್ಯ ಜಿಲ್ಲೆಯ ಶಿಲೆಯನ್ನೂ ಇಲ್ಲಿ ಪರಿಚಯಿಸಲಾಗಿದೆ.

ತಕ್ಕೋಲ: ಸ್ಥಳ ಮತ್ತು ಹಿನ್ನೆಲೆ

ಶಾಸನಗಳಲ್ಲಿ ತಕ್ಕೋಲವೆಂದು ಕರೆಯಲ್ಪಟ್ಟಿರುವ ಸ್ಥಳವು ಇಂದಿನ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿ ಅರಕ್ಕೋಣಂ ಸಮೀಪದಲ್ಲಿರುವ ತಕ್ಕೋಲಂ ಪಟ್ಟಣ. ಕಾಂಚೀಪುರದ ಉತ್ತರಕ್ಕಿರುವ ಈ ಊರು ಪ್ರಾಚೀನ ತೊಂಡೈಮಂಡಲಕ್ಕೆ ಸೇರಿತ್ತು. ಶೈವ ಸಂತರ ತೇವಾರ ಸ್ತುತಿಗಳಲ್ಲಿ ಇದರ ಹೆಸರು ತಿರುವೂರಲ್ ಎಂದಿದೆ. ಇಲ್ಲಿನ ಜಲನಾಥೇಶ್ವರ ದೇವಾಲಯವು ಪ್ರಾಚೀನವಾದುದು.

ಹತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಚೋಳರ ಒಂದನೆಯ ಪರಾಂತಕನು ತನ್ನ ರಾಜ್ಯವನ್ನು ಉತ್ತರದತ್ತ ವಿಸ್ತರಿಸುತ್ತ ಬಂದನು. ಇದೇ ಕಾಲದಲ್ಲಿ ಮಾನ್ಯಖೇಟವನ್ನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರ ಸಿಂಹಾಸನವನ್ನು 939ರ ಸುಮಾರಿಗೆ ಮೂರನೆಯ ಕೃಷ್ಣನು ಏರಿದನು. ಶಾಸನಗಳಲ್ಲಿ ಈತನ ಹೆಸರು ಕನ್ನರದೇವ ಎಂದಿದೆ. ಕನ್ನಡ ಕವಿ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತ ದೊರೆ ಈತನೇ. ತಲಕಾಡಿನ ಗಂಗ ಮನೆತನದ ಇಮ್ಮಡಿ ಬೂತುಗನು ಕೃಷ್ಣನ ಸೋದರಿ ರೇವಕನಿಮ್ಮಡಿಯ ಪತಿಯಾಗಿದ್ದು, ಆತನ ನಂಬುಗೆಯ ಸಾಮಂತನೂ ಆಗಿದ್ದನು.

ಉತ್ತರದಿಂದ ಅಪಾಯ ಒದಗಬಹುದೆಂದು ಪರಾಂತಕನು ತನ್ನ ಹಿರಿಯ ಮಗನಾದ ಯುವರಾಜ ರಾಜಾದಿತ್ಯನನ್ನು ಸೈನ್ಯದೊಡನೆ ತಿರುಮುನೈಪ್ಪಾಡಿ ನಾಡಿನಲ್ಲಿ ನೆಲೆಗೊಳಿಸಿದ್ದನು. ಕೊನೆಗೆ ಎರಡೂ ಸೈನ್ಯಗಳು ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಎದುರಾದವು. ರಾಜಾದಿತ್ಯನು ರಣರಂಗದಲ್ಲಿಯೇ ಮಡಿದನು. ಚೋಳರ ಉತ್ತರದ ಪ್ರಾಂತಗಳು ರಾಷ್ಟ್ರಕೂಟರ ವಶವಾದವು. ಮೂರನೆಯ ಕೃಷ್ಣನು ತಮಿಳು ಶಾಸನಗಳಲ್ಲಿ ಕಂಚಿಯನ್ನೂ ತಂಜೆಯನ್ನೂ ಗೆದ್ದವನೆಂಬ ಬಿರುದಿನಿಂದ ಕಾಣಿಸಿಕೊಳ್ಳುತ್ತಾನೆ. ಚೋಳ ರಾಜ್ಯವು ಮತ್ತೆ ಪ್ರಬಲಗೊಂಡದ್ದು 985ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ರಾಜರಾಜನ ಕಾಲದಲ್ಲಿ.

ರಣಭೂಮಿಯಲ್ಲಿ ಕುರುಹುಗಳು ಏಕೆ ವಿರಳ?

ಇಷ್ಟು ದೊಡ್ಡ ಯುದ್ಧ ನಡೆದ ನೆಲದಲ್ಲಿ ಆಯುಧಗಳ ರಾಶಿಯೂ ಅಸ್ಥಿಗಳ ರಾಶಿಯೂ ದೊರೆಯಬೇಕೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಬಯಲಿನಲ್ಲಿ ನಡೆದ ಮಧ್ಯಕಾಲೀನ ಯುದ್ಧಗಳು ನೆಲದಲ್ಲಿ ಬಹಳ ಕಡಿಮೆ ಕುರುಹುಗಳನ್ನು ಉಳಿಸುತ್ತವೆ. ಇದಕ್ಕೆ ಮುಖ್ಯ ಕಾರಣಗಳು ಹೀಗಿವೆ:

1. ಯುದ್ಧವು ಒಂದೆರಡು ದಿನಗಳಲ್ಲಿ ಮುಗಿಯುವ ಘಟನೆ. ತಲೆಮಾರುಗಳ ಕಾಲ ಜನರು ಬಾಳಿದ ಊರಿನಲ್ಲಿ ಮಡಕೆ ಚೂರು, ಬೂದಿ, ಗೋಡೆಯ ಅವಶೇಷಗಳು ಪದರಪದರವಾಗಿ ಸಂಗ್ರಹವಾಗುವಂತೆ ರಣಭೂಮಿಯಲ್ಲಿ ಆಗುವುದಿಲ್ಲ.

2. ಕಬ್ಬಿಣವು ಬೆಲೆಬಾಳುವ ಲೋಹ. ಕಾಳಗ ಮುಗಿದ ಕೂಡಲೇ ಕತ್ತಿ, ಈಟಿ, ಬಾಣದ ಮೊನೆಗಳನ್ನು ಆರಿಸಿ ಒಯ್ಯುವುದು ವಾಡಿಕೆ. ಉಳಿದ ಚೂರುಗಳು ಮಳೆ ಮತ್ತು ಬಿಸಿಲಿನ ನಮ್ಮ ಹವಾಮಾನದಲ್ಲಿ ತುಕ್ಕು ಹಿಡಿದು ಮಣ್ಣಿನಲ್ಲಿ ಕರಗುತ್ತವೆ.

3. ಮೃತರ ದಹನವಾದಲ್ಲಿ ಅಸ್ಥಿಪಂಜರಗಳು ಉಳಿಯುವುದಿಲ್ಲ.

4. ಸೈನ್ಯಗಳು ಎದುರಾಗುತ್ತಿದ್ದ ವಿಶಾಲ ಬಯಲುಗಳು ಬಹುತೇಕ ಕೃಷಿಭೂಮಿಗಳು. ಶತಮಾನಗಳ ಉಳುಮೆಯಿಂದ ಅಳಿದುಳಿದ ವಸ್ತುಗಳೂ ಸ್ಥಾನ ಕಳೆದುಕೊಳ್ಳುತ್ತವೆ.

ಮದ್ದುಗುಂಡುಗಳ ಬಳಕೆ ಬಂದ ನಂತರದ ಕಾಲದ ಸ್ಥಿತಿ ಸ್ವಲ್ಪ ಭಿನ್ನ. ಕೋಟೆಗಳ ಗೋಡೆಗಳ ಮೇಲೆ ಗುಂಡಿನ ಪೆಟ್ಟುಗಳು ಉಳಿಯುತ್ತವೆ, ಕಲ್ಲಿನ ಮತ್ತು ಕಬ್ಬಿಣದ ಗುಂಡುಗಳು ದೊರೆಯುತ್ತವೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಬತ್ತಿದ ಬಾವಿಯೊಂದರಿಂದ ಹದಿನೆಂಟನೆಯ ಶತಮಾನದ ಸಾವಿರಕ್ಕೂ ಅಧಿಕ ಲೋಹದ ರಾಕೆಟ್‌ಗಳು ದೊರೆತವು. ಬಾವಿಯ ಕೆಸರಿನಲ್ಲಿ ಹೂತಿದ್ದ ಕಾರಣದಿಂದಲೇ ಅವು ಉಳಿದುಬಂದವು. ಹತ್ತನೆಯ ಶತಮಾನದ ಬಯಲು ಯುದ್ಧಕ್ಕೆ ಇಂತಹ ಅನುಕೂಲ ಒದಗುವುದು ಅಪರೂಪ.

ಆದ್ದರಿಂದ ಮಧ್ಯಕಾಲೀನ ಯುದ್ಧದ ಪುರಾತತ್ವವೆಂದರೆ ರಣಭೂಮಿಯನ್ನು ಅಗೆಯುವುದಷ್ಟೇ ಅಲ್ಲ. ಯುದ್ಧಕ್ಕೆ ಹೋದವರು ಎಲ್ಲಿಂದ ಹೋದರೋ, ಬದುಕಿದವರು ಎಲ್ಲಿಗೆ ಮರಳಿದರೋ ಆ ಊರುಗಳಲ್ಲಿ ನಿಲ್ಲಿಸಿದ ಕಲ್ಲುಗಳನ್ನು ಓದುವುದೂ ಅದರ ಮುಖ್ಯ ಭಾಗವಾಗಿರುತ್ತದೆ. ತಕ್ಕೋಲದ ವಿಷಯದಲ್ಲಿ ಅಂತಹ ಕಲ್ಲು ದೊರೆತದ್ದು ರಣಭೂಮಿಯಿಂದ ಇನ್ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ.

ಆತಕೂರು ಶಾಸನದ ವಿವರ

ಆತಕೂರಿನ ಶಿಲೆಯ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಉಬ್ಬುಶಿಲ್ಪವಿದೆ. ಹಳಗನ್ನಡದ ಬರಹವು ಈ ಶಿಲ್ಪದ ಸುತ್ತಲೂ ಮತ್ತು ಕೆಳಗೂ ಹರಡಿಕೊಂಡಿದೆ. ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ಇಲ್ಲಿ ಎಣಿಕೆಯು ನಡೆಯುತ್ತಿರುವ ವರ್ಷದ್ದಾಗಿದ್ದು, ಕಳೆದುಹೋದ ವರ್ಷಗಳ ಲೆಕ್ಕದಲ್ಲಿ ಅದು ಶಕ 871 ಆಗುತ್ತದೆ. ಶಾಸನಗಳಲ್ಲಿ ಈ ಎರಡೂ ಬಗೆಯ ಎಣಿಕೆ ಇರುವುದರಿಂದ ಸಂವತ್ಸರದ ಹೆಸರನ್ನು ಹೋಲಿಸಿ ನೋಡಿಯೇ ಕಾಲನಿರ್ಣಯ ಮಾಡಲಾಗುತ್ತದೆ.

ಶಾಸನದ ಸಾರಾಂಶ ಇಂತಿದೆ. ಕನ್ನರದೇವನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿ, ಆತನನ್ನು ಕೊಂದು ವಿಜಯಿಯಾಗಿ ಮರಳಿದನು. ಈ ಯುದ್ಧದಲ್ಲಿ ಬೂತುಗನ ಸೇವಕನಾದ ಸಗರ ವಂಶದ ಮಣಲೇರನೆಂಬ ವೀರನು ಮುಂದೆ ನಿಂತು ಹೋರಾಡಿದನು. ಅವನ ಪರಾಕ್ರಮವನ್ನು ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದಾಗ, ಮಣಲೇರನು ಕೇಳಿದ್ದು ಒಡೆಯನ ಬಳಿಯಿದ್ದ ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಬೂತುಗನು ಅದನ್ನು ಕೊಟ್ಟನು.

ಯುದ್ಧ ಮುಗಿದ ನಂತರ ಕೇಳಲೆ ನಾಡಿನ ಬೆಳತೂರಿನ ಪಶ್ಚಿಮಕ್ಕಿದ್ದ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು.

ಅದೇ ಶಿಲೆಯ ಮೇಲೆ ಇನ್ನೊಂದು ಬರಹವೂ ಇದೆ. ರಾಜಾದಿತ್ಯನನ್ನು ತನ್ನ ಕೈಯಿಂದ ಕೊಂದವನು ಬೂತುಗನೆಂದೂ, ಅದಕ್ಕಾಗಿ ಕನ್ನರದೇವನು ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು ಮತ್ತು ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ನೀಡಿದನೆಂದೂ ಇದರಿಂದ ತಿಳಿದುಬರುತ್ತದೆ. ಪುರಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಕಿಸುಕಾಡು ಎಂದರೆ ಪಟ್ಟದಕಲ್ಲಿನ ಸುತ್ತಲಿನ ಪ್ರದೇಶ. ಬಾಗೆನಾಡು ಎಂದರೆ ಬಾಗಲಕೋಟೆಯ ಸುತ್ತಲಿನ ಪ್ರದೇಶ. ಬೂತುಗನು ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟನು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಯುದ್ಧದಲ್ಲಿ ಹೋರಾಡಿದವನ ಕತ್ತಿಯನ್ನು ತೊಳೆದು ಗೌರವಿಸಿ ನೀಡುವ ಭೂದಾನಕ್ಕೆ ಆ ಕಾಲದಲ್ಲಿ ಈ ಹೆಸರಿತ್ತು.

ಹೀಗೆ ಒಂದೇ ಕಲ್ಲು ಯುದ್ಧದ ಸ್ಥಳ, ಕಾಲ, ಪಾಲ್ಗೊಂಡವರು ಮತ್ತು ಫಲಿತಾಂಶವನ್ನು ದಾಖಲಿಸಿದೆ. ತಮಿಳುನಾಡಿನಲ್ಲಿ ನಡೆದ ಒಂದು ಕಾಳಗದಿಂದ ಉತ್ತರ ಕರ್ನಾಟಕದ ನಾಡುಗಳ ಆಡಳಿತ ಯಾರ ಕೈಸೇರಿತೆಂಬುದನ್ನೂ ಅದು ತಿಳಿಸುತ್ತದೆ. ಕೆತ್ತಿಸಿದವರ ಉದ್ದೇಶ ಇತಿಹಾಸ ರಚನೆಯಾಗಿರಲಿಲ್ಲ; ಪ್ರೀತಿಯ ನಾಯಿಯೊಂದರ ಸ್ಮರಣೆಯಾಗಿತ್ತು. ಆ ನಾಯಿಗಾಗಿ ಕಲ್ಲು ನಿಲ್ಲದಿದ್ದಲ್ಲಿ ತಕ್ಕೋಲದ ಬಗ್ಗೆ ತಿಳಿದಿರುವುದರಲ್ಲಿ ದೊಡ್ಡ ಭಾಗವೇ ಇಲ್ಲವಾಗುತ್ತಿತ್ತು.

ಪ್ರಸ್ತುತ ಈ ಶಿಲೆಯು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಒಂದು ಅಕ್ಷರದ ಬೆಲೆ

ಶಾಸನವನ್ನು ಮೊದಲು ಪ್ರಕಟಿಸಿದಾಗ ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಇರಿದು ಕೊಂದನೆಂಬ ಅರ್ಥ ಬರುವಂತೆ ಒಂದು ಸಾಲನ್ನು ಓದಲಾಗಿತ್ತು. ತರುವಾಯ ಅದೇ ಸಾಲನ್ನು ಮತ್ತೆ ಪರಿಶೀಲಿಸಿದಾಗ, ಅಲ್ಲಿರುವುದು ವಂಚನೆಯ ಮಾತಲ್ಲ, ಆನೆಯ ಮೇಲಿನ ಅಂಬಾರಿಯನ್ನೇ ಕಳನನ್ನಾಗಿ, ಅಂದರೆ ರಣರಂಗವನ್ನಾಗಿ ಮಾಡಿಕೊಂಡು ಕಾದಿದನೆಂಬ ಮಾತು ಎಂದು ತಿಳಿದುಬಂದಿತು. ಕಳ್ಳ ಮತ್ತು ಕಳ ಎಂಬ ಶಬ್ದಗಳ ನಡುವಿನ ಅಂತರ ಒಂದು ಒತ್ತಕ್ಷರ ಮಾತ್ರ. ಆ ಒಂದು ಅಕ್ಷರದ ಓದಿನಿಂದ ಸಾವಿರ ವರ್ಷಗಳ ಹಿಂದಿನ ವ್ಯಕ್ತಿಯೊಬ್ಬನು ವಂಚಕನೆನಿಸಿ, ಮತ್ತೆ ವೀರನೆನಿಸಿದನು.

ಈ ತಿದ್ದುಪಡಿ ಸಾಧ್ಯವಾದದ್ದು ಕಲ್ಲಿನ ಮೇಲೆ ಅಕ್ಷರಗಳು ಉಳಿದಿದ್ದುದರಿಂದ. ಶಾಸನದ ಮೇಲೆ ಬಣ್ಣ ಬಳಿಯುವುದು, ತಂತಿ ಬ್ರಷ್ ಅಥವಾ ಆಮ್ಲದಿಂದ ಉಜ್ಜುವುದು, ಅಕ್ಷರಗಳನ್ನು ಉಳಿಯಿಂದ ತಿದ್ದುವುದು ಇವು ಎಷ್ಟೇ ಸದುದ್ದೇಶದಿಂದ ಮಾಡಿದರೂ ಮರುಪರಿಶೀಲನೆಯ ಅವಕಾಶವನ್ನು ಶಾಶ್ವತವಾಗಿ ಇಲ್ಲವಾಗಿಸುತ್ತವೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಎದುರು ಪಕ್ಷದ ಸಾಕ್ಷ್ಯಗಳು

ಗೆದ್ದವರ ಶಾಸನವನ್ನು ಮಾತ್ರ ನಂಬಿ ಯುದ್ಧದ ಇತಿಹಾಸವನ್ನು ಬರೆಯಲಾಗುವುದಿಲ್ಲ. ತಕ್ಕೋಲದ ವಿಷಯದಲ್ಲಿ ಸೋತವರ ಕಡೆಯ ದಾಖಲೆಗಳೂ ಲಭ್ಯವಿವೆ. ಲೈಡನ್ ತಾಮ್ರಪಟಗಳೆಂದು ಪ್ರಸಿದ್ಧವಾದ ಚೋಳರ ದಾಖಲೆಯು, ರಾಜಾದಿತ್ಯನು ಕೃಷ್ಣರಾಜನ ಸೈನ್ಯವನ್ನು ತಲ್ಲಣಗೊಳಿಸಿ, ಆನೆಯ ಮೇಲೆ ಕುಳಿತಿದ್ದಂತೆಯೇ ಹೃದಯಕ್ಕೆ ಬಾಣ ನಾಟಿ ವೀರಸ್ವರ್ಗವನ್ನು ಪಡೆದನೆಂದು ಹೇಳುತ್ತದೆ. ಸಾವಿನ ವಿಧಾನದಲ್ಲಿ ಎರಡು ದಾಖಲೆಗಳ ನಡುವೆ ವ್ಯತ್ಯಾಸವಿದ್ದರೂ ಆತನು ಆನೆಯ ಮೇಲೆಯೇ ಮಡಿದನೆಂಬ ವಿಷಯದಲ್ಲಿ ಎರಡೂ ಒಂದಾಗುತ್ತವೆ. ವೆಲ್ಲೂರು ಸಮೀಪದ ಶೋಳಪುರಂನ ತಮಿಳು ಶಾಸನವೊಂದು ಶಕವರ್ಷ 871ನ್ನು, ಕನ್ನರದೇವನು ರಾಜಾದಿತ್ಯನನ್ನು ಕೊಂದು ತೊಂಡೈಮಂಡಲವನ್ನು ಪ್ರವೇಶಿಸಿದ ವರ್ಷವೆಂದು ಗುರುತಿಸಿದೆ. ಆತಕೂರಿನ ಕಾಲಗಣನೆಗೆ ಇದು ಸ್ವತಂತ್ರ ಆಧಾರ.

ರಾಜಾದಿತ್ಯನ ದಂಡನಾಯಕರಲ್ಲಿ ಕೇರಳದ ವೆಳ್ಳನ್ ಕುಮಾರನೂ ಒಬ್ಬನು. ಆತನು ಗ್ರಾಮಂ ಎಂಬ ಊರಿನಲ್ಲಿ 943ರಲ್ಲಿ ಶಿವಾಲಯವನ್ನು ಕಟ್ಟಿಸಿದನು. ಇತ್ತ ಚೆನ್ನೈ ಬಳಿಯ ತಿರುವೊಟ್ರಿಯೂರಿನ ಶಾಸನವೊಂದರಲ್ಲಿ, ಒಡೆಯನಾದ ರಾಜಾದಿತ್ಯನೊಡನೆ ರಣದಲ್ಲಿ ಸಾಯುವ ಭಾಗ್ಯ ದೊರೆಯಲಿಲ್ಲವೆಂದು ನೊಂದು ಸಂನ್ಯಾಸ ಸ್ವೀಕರಿಸಿ, ಚತುರಾನನ ಪಂಡಿತನೆಂಬ ಹೆಸರಿನಿಂದ ಮಠಾಧಿಪತಿಯಾದ ಕೇರಳದವನೊಬ್ಬನ ವೃತ್ತಾಂತವಿದೆ. ಈ ಇಬ್ಬರೂ ಒಬ್ಬನೇ ವ್ಯಕ್ತಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಮಠದ ಶಾಸನವು ಗೆದ್ದ ದೊರೆಯಾದ ಕನ್ನರದೇವನ ಆಳ್ವಿಕೆಯ ವರ್ಷದಲ್ಲಿಯೇ ಬರೆಯಲ್ಪಟ್ಟಿರುವುದು ಗಮನಾರ್ಹ.

ಕೃಷ್ಣನ ಕರಹಾಡ ತಾಮ್ರಪಟಗಳು 959ರಲ್ಲಿ ಹೊರಟಾಗ ಆತನ ಪಾಳೆಯವು ಉತ್ತರ ತಮಿಳುನಾಡಿನ ಮೇಲ್ಪಾಡಿಯಲ್ಲಿತ್ತು. ಯುದ್ಧ ನಡೆದು ಹತ್ತು ವರ್ಷಗಳ ನಂತರವೂ ಚಕ್ರವರ್ತಿಯು ಅಲ್ಲಿಂದಲೇ ದಕ್ಷಿಣದ ಪ್ರಾಂತಗಳನ್ನು ತನ್ನ ಆಶ್ರಿತರಿಗೆ ಹಂಚುತ್ತಿದ್ದನು. ತಕ್ಕೋಲದ ನೆನಪು ಆ ಪ್ರದೇಶದಲ್ಲಿ ಇಂದಿಗೂ ಉಳಿದಿದೆ. ಅಲ್ಲಿರುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ಕೇಂದ್ರಕ್ಕೆ 2025ರಲ್ಲಿ ರಾಜಾದಿತ್ಯ ಚೋಳನ ಹೆಸರನ್ನಿಡಲಾಯಿತು.

ಬರಹವಿಲ್ಲದ ಕಲ್ಲುಗಳ ಸಾಕ್ಷ್ಯ

ಆತಕೂರಿನ ಕಲ್ಲಿನಂತೆ ದೀರ್ಘ ಬರಹವುಳ್ಳ ಶಿಲೆಗಳು ಕೆಲವೇ. ಬಹುತೇಕ ವೀರಗಲ್ಲುಗಳಲ್ಲಿ ಶಿಲ್ಪ ಮಾತ್ರ ಇರುತ್ತದೆ. ಸಾಮಾನ್ಯವಾಗಿ ಇವುಗಳಲ್ಲಿ ಮೂರು ಪಟ್ಟಿಕೆಗಳಿದ್ದು, ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ದೃಶ್ಯ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಆತನು ದೇವರ ಸನ್ನಿಧಿಯಲ್ಲಿರುವ ದೃಶ್ಯ ಇರುತ್ತವೆ. ದನಗಳ ಗುಂಪನ್ನು ಕೆತ್ತಿದ್ದರೆ ಅದು ತುರುಗೋಳಿನಲ್ಲಿ, ಅಂದರೆ ದನಗಳನ್ನು ಸೆರೆಹಿಡಿಯಲು ಬಂದವರೊಡನೆ ನಡೆದ ಕಾಳಗದಲ್ಲಿ, ಮಡಿದವನ ಕಲ್ಲು. ಊರನ್ನು ಉಳಿಸಲು ಮಡಿದವರಿಗೆ, ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಮಡಿದವರಿಗೆ, ಹುಲಿ ಅಥವಾ ಹಂದಿಯೊಡನೆ ಹೋರಾಡಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳೂ ಇವೆ.

ಬೆಂಗಳೂರಿನ ಬೇಗೂರಿನಿಂದ ವಸ್ತುಸಂಗ್ರಹಾಲಯಕ್ಕೆ ತಂದಿರುವ ಗಂಗರ ಕಾಲದ ದೊಡ್ಡ ವೀರಗಲ್ಲು ಈ ಬಗೆಯ ಶಿಲೆಗಳಲ್ಲಿ ಪ್ರಸಿದ್ಧವಾದುದು. ಆನೆ, ಕುದುರೆ ಮತ್ತು ಕಾಲಾಳುಗಳ ಕಾಳಗವನ್ನು ಅದರಲ್ಲಿ ವಿವರವಾಗಿ ಕೆತ್ತಲಾಗಿದೆ. ಆ ಕಾಲದ ಯೋಧರ ಉಡುಪು, ಆಯುಧ ಮತ್ತು ಯುದ್ಧಕ್ರಮವನ್ನು ತಿಳಿಯಲು ಅದು ಮುಖ್ಯ ಆಧಾರ. ಎರೆಯಪ್ಪನ ಆಜ್ಞೆಯಂತೆ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದ ನಾಗತ್ತರನ ಸ್ಮಾರಕವಿದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಮತ್ತೊಂದು ಕಲ್ಲು ಸುಮಾರು ಕ್ರಿ.ಶ. 890ರದ್ದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಮಗ ಬುಟ್ಟಣಶೆಟ್ಟಿ ಮಡಿದ ಸಂಗತಿ ಅದರಲ್ಲಿದೆ. ರಾಜ್ಯದ ರಾಜಧಾನಿಯ ಹೆಸರು ಹನ್ನೊಂದು ಶತಮಾನಗಳಷ್ಟು ಹಳೆಯದೆಂಬುದು ತಿಳಿದದ್ದು ಈ ಚಿಕ್ಕ ಕಲ್ಲಿನಿಂದ.

ಸ್ಥಾನ ತಪ್ಪಿದ ಕಲ್ಲು

ಆತಕೂರಿನ ಕಲ್ಲನ್ನು ಬೆಂಗಳೂರಿಗೆ ತಂದರೂ ಅದರ ಮೂಲಸ್ಥಾನ ಮರೆಯಾಗಿಲ್ಲ. ಚಲ್ಲೇಶ್ವರದ ಮುಂದೆ ಎಂದು ಶಾಸನವೇ ಹೇಳುತ್ತದೆ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿಯೂ ಅದು ಊರಿನ ಹೆಸರಿನೊಡನೆ ದಾಖಲಾಗಿದೆ. ಬರಹವಿಲ್ಲದ ಕಲ್ಲಿಗೆ ಈ ರಕ್ಷಣೆ ಇಲ್ಲ. ಅದು ನಿಂತ ಜಾಗವೇ ಅದರ ಬರಹ. ಒಂದು ಕಣಿವೆಯ ಬಾಯಲ್ಲಿ ತುರುಗೋಳಿನ ಐದು ಕಲ್ಲುಗಳು ಸಾಲಾಗಿ ನಿಂತಿದ್ದರೆ ಶತ್ರುಗಳು ಬಂದ ದಾರಿ ತಿಳಿಯುತ್ತದೆ. ಅವುಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಊರ ಉದ್ಯಾನದಲ್ಲಿ ಅಂದವಾಗಿ ಜೋಡಿಸಿದರೆ ಉಳಿಯುವುದು ಐದು ಶಿಲ್ಪಗಳು ಮಾತ್ರ; ದಾರಿಯ ಸುಳಿವು ಅಳಿದುಹೋಗುತ್ತದೆ.

ಕಲ್ಲುಗಳು ಸ್ಥಾನ ತಪ್ಪಲು ಹಲವು ಕಾರಣಗಳಿವೆ. ಕೆರೆ ತೂಬಿನ ದುರಸ್ತಿಗೆ, ಮೋರಿಯ ಹಾಸುಗಲ್ಲಿಗೆ, ಬಟ್ಟೆ ಒಗೆಯುವ ಕಲ್ಲಿಗೆ ಅವುಗಳನ್ನು ಬಳಸಿರುವುದುಂಟು. ಕಲ್ಲಿನ ಕೆಳಗೆ ನಿಧಿ ಇದೆ ಎಂಬ ತಪ್ಪು ನಂಬಿಕೆಯಿಂದ ರಾತ್ರಿವೇಳೆ ಅಗೆದು ಉರುಳಿಸುವ ಕೃತ್ಯವು ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಮಾಡಿದೆ. ವೀರಗಲ್ಲು ಸತ್ತವರ ಸ್ಮಾರಕವೇ ಹೊರತು ನಿಧಿಯ ಗುರುತಲ್ಲ.

ಸಂಬಂಧಪಟ್ಟ ಕಾನೂನುಗಳು

ಪುರಾತನ ಶಿಲೆಗಳು ಮತ್ತು ನಿವೇಶನಗಳಿಗೆ ಅನ್ವಯಿಸುವ ಮುಖ್ಯ ಕಾನೂನುಗಳ ಸಾರಾಂಶ ಹೀಗಿದೆ:

1. ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958. ರಾಷ್ಟ್ರೀಯ ಪ್ರಾಮುಖ್ಯದವೆಂದು ಘೋಷಿತವಾದ ಸ್ಮಾರಕಗಳಿಗೆ ಇದು ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಿನ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶ ಇರುತ್ತದೆ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಡ ಕಟ್ಟಲು ಮತ್ತು ನಿಷೇಧಿತ ಪ್ರದೇಶದಲ್ಲಿ ಈಗಾಗಲೇ ಇರುವ ಕಟ್ಟಡದ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು.

2. ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳು ಹಾಗೂ ಪುರಾತತ್ವ ನಿವೇಶನಗಳು ಮತ್ತು ಅವಶೇಷಗಳ ಅಧಿನಿಯಮ, 1961. ರಾಜ್ಯ ಸರ್ಕಾರವು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ ಇದು ಅನ್ವಯಿಸುತ್ತದೆ.

3. ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಶಾಸನ ಮೊದಲಾದವು ಪುರಾವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಗಿ ಅಗತ್ಯ. ಖಾಸಗಿಯವರು ಇವುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.

4. ನಿಧಿ ನಿಕ್ಷೇಪಕ್ಕೆ ಸಂಬಂಧಿಸಿದ 1962ರ ರಾಜ್ಯ ಕಾನೂನು. ಭೂಮಿಯಲ್ಲಿ ಹುದುಗಿದ್ದ ನಾಣ್ಯ, ಆಭರಣ ಮುಂತಾದ ಬೆಲೆಬಾಳುವ ವಸ್ತುಗಳು ದೊರೆತಲ್ಲಿ ಅದನ್ನು ಬಚ್ಚಿಡದೆ ಕಂದಾಯ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.

ಕಲ್ಲು ಅಥವಾ ಅವಶೇಷ ಕಂಡುಬಂದಲ್ಲಿ ಅನುಸರಿಸಬೇಕಾದ ಕ್ರಮ

1. ಕೆಲಸವನ್ನು ಆ ಜಾಗದಲ್ಲಿ ನಿಲ್ಲಿಸಿ, ಕಲ್ಲನ್ನು ಎತ್ತದೆ, ಹೊರಳಿಸದೆ ಇದ್ದಂತೆಯೇ ಬಿಡುವುದು.

2. ಕಲ್ಲಿನ ಮುಂಭಾಗ, ಹಿಂಭಾಗ ಮತ್ತು ಸುತ್ತಲಿನ ಪ್ರದೇಶ ಕಾಣುವಂತೆ ಛಾಯಾಚಿತ್ರ ತೆಗೆಯುವುದು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಅಕ್ಷರ ಕಾಣಿಸಲೆಂದು ಬಣ್ಣ, ಎಣ್ಣೆ ಅಥವಾ ಸುಣ್ಣ ಹಚ್ಚಬಾರದು.

3. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಸರ್ವೆ ನಂಬರ್, ಕಲ್ಲು ಮುಖ ಮಾಡಿರುವ ದಿಕ್ಕು, ಅಂದಾಜು ಎತ್ತರ ಮತ್ತು ಅಗಲ, ಸಾಧ್ಯವಾದರೆ ಮೊಬೈಲಿನಲ್ಲಿ ದೊರೆಯುವ ಅಕ್ಷಾಂಶ ಮತ್ತು ರೇಖಾಂಶ ಇವುಗಳನ್ನು ಬರೆದಿಡುವುದು. ಊರಿನ ಹಿರಿಯರು ಆ ಕಲ್ಲನ್ನು ಕರೆಯುವ ಹೆಸರನ್ನೂ ಹೇಳುವ ಕಥೆಯನ್ನೂ ದಾಖಲಿಸಿದರೆ ಉಪಯುಕ್ತ.

4. ಈ ವಿವರಗಳೊಂದಿಗೆ ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರರಿಗೆ, ಇಲ್ಲವೇ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಲಿಖಿತವಾಗಿ ತಿಳಿಸಿ, ಮನವಿಯ ಸ್ವೀಕೃತಿಯನ್ನು ಪಡೆದುಕೊಳ್ಳುವುದು.

5. ಮಳೆ, ಪ್ರವಾಹ ಅಥವಾ ಕಾಮಗಾರಿಯ ಕಾರಣದಿಂದ ಕಲ್ಲಿಗೆ ತಕ್ಷಣದ ಅಪಾಯವಿದ್ದಲ್ಲಿ ಆ ಅಂಶವನ್ನು ಮನವಿಯಲ್ಲಿ ಮೊದಲು ನಮೂದಿಸುವುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಮೀನಿನಲ್ಲಿ ವೀರಗಲ್ಲು ಇದೆಯೆಂದು ತಿಳಿಸಿದರೆ ಜಮೀನು ಸರ್ಕಾರದ ವಶವಾಗುವುದೇ?
ಉತ್ತರ: ಇಲ್ಲ. ಮಾಹಿತಿ ನೀಡಿದ ಮಾತ್ರಕ್ಕೆ ಭೂಮಿಯ ಒಡೆತನ ಬದಲಾಗುವುದಿಲ್ಲ. ಸ್ಮಾರಕವನ್ನು ಸಂರಕ್ಷಿತವೆಂದು ಘೋಷಿಸುವ ಮುನ್ನ ಅಧಿಸೂಚನೆ ಹೊರಡಿಸಬೇಕಾಗುತ್ತದೆ. ಕೇಂದ್ರ ಅಧಿನಿಯಮದಲ್ಲಿ ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ರಾಜ್ಯ ಅಧಿನಿಯಮದಲ್ಲಿಯೂ ಆಕ್ಷೇಪಣೆಗೆ ಅವಕಾಶ ಕಲ್ಪಿಸಲಾಗಿದೆ.

ಪ್ರಶ್ನೆ: ಹಾಗಾದರೆ 100 ಮೀಟರ್ ನಿಷೇಧವು ಪ್ರತಿಯೊಂದು ವೀರಗಲ್ಲಿಗೂ ಅನ್ವಯಿಸುವುದೇ?
ಉತ್ತರ: ಇಲ್ಲ. 1958ರ ಅಧಿನಿಯಮದ ಈ ನಿಷೇಧವು ರಾಷ್ಟ್ರೀಯ ಪ್ರಾಮುಖ್ಯದವೆಂದು ಘೋಷಿತವಾದ ಸ್ಮಾರಕಗಳು ಮತ್ತು ನಿವೇಶನಗಳಿಗೆ ಮಾತ್ರ ಅನ್ವಯಿಸುತ್ತದೆ.

ಪ್ರಶ್ನೆ: ಊರಿನವರು ತಲೆಮಾರುಗಳಿಂದ ಕಲ್ಲಿಗೆ ಪೂಜೆ ಸಲ್ಲಿಸುತ್ತಿದ್ದಾರೆ. ಅದನ್ನು ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬೇಕಾಗಿಲ್ಲ. ಅನೇಕ ಕಲ್ಲುಗಳು ಉಳಿದುಬಂದಿರುವುದೇ ಊರಿನವರ ಭಕ್ತಿಯಿಂದ. ಎಣ್ಣೆ ಬಣ್ಣ ಬಳಿಯುವುದು, ಸಿಮೆಂಟಿನಿಂದ ಕಟ್ಟಿ ಕೆಳಗಿನ ಅಕ್ಷರಗಳನ್ನು ಮುಚ್ಚುವುದು, ಕಲ್ಲಿಗೆ ತಾಗುವಂತೆ ಬೆಂಕಿ ಅಥವಾ ಕರ್ಪೂರ ಉರಿಸುವುದು ಇವುಗಳನ್ನು ಮಾತ್ರ ಮಾಡದಿರಲು ಕೋರಲಾಗಿದೆ.

ಪ್ರಶ್ನೆ: ಕಲ್ಲಿನ ಅಕ್ಷರಗಳನ್ನು ಯಾರು ಓದುತ್ತಾರೆ?
ಉತ್ತರ: ಶಾಸನತಜ್ಞರು ಕಾಗದದ ಅಚ್ಚು ತೆಗೆದು ಓದುತ್ತಾರೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಮೂರು ಆಯಾಮದ ಸ್ಕ್ಯಾನಿಂಗ್‌ನಿಂದ ಸವೆದ ಅಕ್ಷರಗಳನ್ನೂ ಓದಲಾಗುತ್ತಿದೆ. ಬೆಂಗಳೂರು ಪ್ರದೇಶದ ಶಾಸನಗಳಿಗೆ ಸಂಬಂಧಿಸಿದಂತೆ ಮಿಥಿಕ್ ಸೊಸೈಟಿಯು ಈ ಕಾರ್ಯವನ್ನು ಕೈಗೊಂಡಿದೆ.

ಸಾರ್ವಜನಿಕರ ಸಹಕಾರ

ಆತಕೂರಿನ ಶಾಸನದ ಕೊನೆಯಲ್ಲಿ ಒಂದು ಕಟ್ಟಳೆ ಇದೆ. ದೇವಾಲಯದ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ಅಥವಾ ಯಾರಾದರೂ ದತ್ತಿಯ ಭೂಮಿಯನ್ನು ಹಾಳುಮಾಡಿದರೆ, ನಾಯಿ ಗೈದ ಪಾಪವು ಅವರಿಗೆ ತಗಲುವುದೆಂದು ಅದು ವಿಧಿಸುತ್ತದೆ. ಅಂದಿನ ಜನರು ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದನ್ನು ದಿನವೂ ನೋಡಿಕೊಳ್ಳುವ ಹೊಣೆಯನ್ನು ಒಬ್ಬನಿಗೆ ವಹಿಸಿ, ಅದರ ವೆಚ್ಚಕ್ಕೆ ಭೂಮಿಯನ್ನೂ ಬಿಟ್ಟರು.

ತಕ್ಕೋಲದಲ್ಲಿ ಕಾದಿದ ಎರಡು ಸೈನ್ಯಗಳ ಆಯುಧಗಳು ಮಣ್ಣಾಗಿವೆ. ಬೂತುಗನು ಪಡೆದ ನಾಡುಗಳ ಎಲ್ಲೆಗಳು ಅಳಿಸಿವೆ. ಊರಿನವರು ಕಾಪಾಡಿದ ಒಂದು ಕಲ್ಲು ಉಳಿದಿದೆ. ಗ್ರಾಮಗಳಲ್ಲಿ ಇನ್ನೂ ದಾಖಲಾಗದೆ ನಿಂತಿರುವ ಕಲ್ಲುಗಳಲ್ಲಿ ಯಾವುದು ಯಾವ ಕಾಳಗದ ಏಕೈಕ ಸಾಕ್ಷಿಯೆಂಬುದನ್ನು ಓದುವ ಮೊದಲೇ ಹೇಳಲಾಗದು. ಆದ್ದರಿಂದ ಅವುಗಳನ್ನು ಇದ್ದಲ್ಲಿಯೇ ಉಳಿಸಿ, ಮಾಹಿತಿಯನ್ನು ಸಕಾಲದಲ್ಲಿ ನೀಡಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.